ಕಾಲು ಬಿಸ್ಕತ್ತು

ಬೆಳಗ್ಗೆ ಐದೂವರೆಗೆ ಗೇಟಿನ ಸರಳುಗಳಿಗೆ
ಹಾಲಿನ ತೊಟ್ಟೆ ಸಿಕ್ಕಿಸುತ್ತಾ ಬರುವ ಹುಡುಗ
ನಮ್ಮ ಮನೆ ಬಂದಾಗ ಬ್ರೇಕು ಹಿಡಿಯುವುದಿಲ್ಲ ಈಗ,
ಜೆಪ್ಪುವಿನ ಇಳಿಜಾರಲ್ಲಿ ಸೀದಾ ಜಾರುತ್ತಾನೆ.
ಒಂದೂವರೆ ವರ್ಷವಾಯಿತು.

ಮೊದಲು ಗೊತ್ತಾಗಲಿಲ್ಲ.
ಕೆನ್ನೆಯ ಕೆಂಪನ್ನು ದೃಷ್ಟಿ ಅಂದರು,
ರಾತ್ರಿಯ ಅಳುವನ್ನು ಹಲ್ಲು ಅಂದರು,
ಗುಲಾಬಿಯತ್ತೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು.
ಘಾಟು ಬಂತು, ಎಲ್ಲರಿಗೂ ಕೆಮ್ಮು ಬಂತು,
ಅಳು ನಿಲ್ಲಲಿಲ್ಲ.
ಒಂದು ದಿನ ಲಂಗೋಟಿಯಲ್ಲಿ
ಕೆಂಪು ನೂಲಿನೆಳೆಯಷ್ಟು ರಕ್ತ.
ಹಗಲಿಡೀ ನೂಲಿನ ಜೊತೆಗಿರುವ ನನಗೆ
ಅದು ನೂಲಲ್ಲ ಎಂದು ಒಪ್ಪಲು
ಸ್ವಲ್ಪ ಹೊತ್ತು ಬೇಕಾಯಿತು.

ಹಾಲಿನ ಪ್ರೋಟೀನು ಒಗ್ಗುವುದಿಲ್ಲ ಎಂದರು ಡಾಕ್ಟರು.
ದನದ್ದು ಬೇಡ, ಎಮ್ಮೆಯದ್ದು ಬೇಡ, ಆಡಿನದ್ದೂ ಬೇಡ,
ಮೊಲೆಯೂಡುವವರೆಗೆ ನೀವೂ ಬಿಡಿ.
ಬಿಟ್ಟೆ.
ಚಾ ಒಂದನ್ನೇ ಬಿಟ್ಟ ಹಾಗಲ್ಲ ಅದು.
ಟೈಲರಂಗಡಿಗೆ ನಾಲ್ಕು ಗಂಟೆಗೆ ಫ್ಲಾಸ್ಕು ಬಂದರೆ
ಎಲ್ಲರೂ ಮೆಷಿನು ನಿಲ್ಲಿಸಿ ಮಾತಿಗೆ ಕೂರುತ್ತಿದ್ದರು,
ನಾನು ಯಾರದೋ ಕುಪ್ಪಸಕ್ಕೆ
ಎರಡೆರಡು ಸಲ ಕಾಜಾ ಹೊಲಿಯುತ್ತಿದ್ದೆ.

ಎಲ್ಲೆಲ್ಲಿ ಇರುತ್ತದೆ ನೋಡಿ ಹಾಲು!
ಬ್ರೆಡ್ಡಿನಲ್ಲಿ, ರಸ್ಕಿನಲ್ಲಿ, ಚಿಪ್ಸಿನ ಮಸಾಲೆಯಲ್ಲಿ,
ಮದುವೆಮನೆಯ ಘೀರೈಸಿನಲ್ಲಿ ಸರಿಯೇ,
ಅದರ ಪಕ್ಕದ ಪಾತ್ರೆಯ ಸೌಟಿನಲ್ಲೂ.
ಸೂಜಿಯ ಕಣ್ಣು ಹುಡುಕುವ ನನ್ನ ಕಣ್ಣು
ಪೊಟ್ಟಣದ ಬೆನ್ನಿನ ಇರುವೆಯಕ್ಷರ ಓದಲು ಕಲಿಯಿತು.
ಕೇಸಿನ್ ಎಂದರೂ ಅದೇ, ವೇ ಪುಡಿ ಎಂದರೂ ಅದೇ.
ಹೆಸರು ಬದಲಿಸಿಕೊಂಡು ತಿರುಗುತ್ತದೆ,
ಹೊಲಿಗೆಯ ಬಾಕಿ ಕೊಡದ ಗಿರಾಕಿಯ ಹಾಗೆ.

ಅತ್ತೆಗೆ ನಂಬಿಕೆ ಬರಲಿಲ್ಲ.
"ಹಾಲಾಗದ ಮಗು ಉಂಟಾ ಮಾರಾಯ್ತಿ?
ಐದು ಮಕ್ಕಳನ್ನು ಇದೇ ಕೈಯಲ್ಲಿ ಸಾಕಿದ್ದೇನೆ."
ಒಂದು ಸಂಜೆ ಗಂಜಿಗೆ ಬೆರಳತುದಿಯ ತುಪ್ಪ.
ಪ್ರೀತಿಯೇ. ನನಗೆ ಗೊತ್ತು.
ಇವರ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗುವಾಗ
ದಾರಿದೀಪಗಳು ಒಂದೊಂದಾಗಿ
ಅವಳ ಊದಿದ ಮುಖದ ಮೇಲೆ ಹಾದುಹೋದವು.
ಪಕ್ಕದಲ್ಲಿ ಅತ್ತೆ ಆ ಬೆರಳನ್ನು
ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು,
ಕೈ ಸುಟ್ಟುಕೊಂಡವರ ಹಾಗೆ.
ಬೈಯಲಿಕ್ಕೆಂದು ಎಷ್ಟೋ ಮಾತು ಜೋಡಿಸಿದ್ದೆ,
ಒಂದೂ ಹೊರಗೆ ಬರಲಿಲ್ಲ.

ಮರುದಿನದಿಂದ ತೆಂಗಿನಕಾಯಿ ತುರಿಯುವುದು ಅವರೇ.
ರಾಗಿ ಮಣ್ಣಿಗೆ ಮೊದಲ ಕಾಯಿಹಾಲು ಬೇರೆ, ಎರಡನೆಯದು ಬೇರೆ,
ಮಂಡಿಯೂರಿ ಬಟ್ಟೆಯಲ್ಲಿ ಹಿಂಡುತ್ತಾರೆ.
ತುಪ್ಪ ಸವರುತ್ತಿದ್ದ ಹಿತ್ತಾಳೆ ತಟ್ಟೆ ಅಟ್ಟ ಸೇರಿತು.
ಇಟ್ಟವರು ಯಾರೆಂದು ಯಾರೂ ಕೇಳಲಿಲ್ಲ.

ಆಚೆಮನೆ ಐರಿನ್ ಬಾಯಿಯ ಮೊಮ್ಮಗನ ಹುಟ್ಟುಹಬ್ಬ.
ಶಮಿಕಾ ಕೇಕನ್ನು ನೋಡಿದಳು, ನನ್ನನ್ನು ನೋಡಿದಳು,
ಯಾರೂ ಕೇಳುವ ಮೊದಲೇ
"ಬೊಡ್ಚಿ" ಎಂದಳು.
ಎಲ್ಲರೂ ನಕ್ಕರು, ಜಾಣೆ ಅಂದರು.
ಬೇರೆ ಮಕ್ಕಳು ಮೊದಲು "ಬೋಡು" ಕಲಿಯುತ್ತಾರೆ.
ನಾನು ಹೊರಗೆ ಬಂದು ತುಂಬ ಹೊತ್ತು
ಚಪ್ಪಲಿ ಹುಡುಕಿದೆ. ಕಾಲಲ್ಲೇ ಇತ್ತು.

ಇವತ್ತಿಗೆ ಎರಡು ವರ್ಷ, ಹನ್ನೊಂದು ದಿನ.
ಕ್ಲಿನಿಕ್ಕಿನ ಬೆಂಚಿನಲ್ಲಿ ಮೂವರು ಕೂತಿದ್ದೇವೆ.
ಕಾಲು ಬಿಸ್ಕತ್ತು, ಡಾಕ್ಟರ ಕಣ್ಣೆದುರೇ.
ಚೆನ್ನಾಗಿ ಬೆಂದ ಹಾಲನ್ನು ಮೈ ಕೆಲವೊಮ್ಮೆ
ಮನ್ನಿಸುತ್ತದಂತೆ.
ಬ್ಯಾಗಿನಿಂದ ಅಳತೆ ಟೇಪು ತೆಗೆದೆ,
ನರ್ಸು ನಕ್ಕು ಕೈಯಲ್ಲೇ ಮುರಿದುಕೊಟ್ಟಳು.
ನೆಕ್ಕಿದಳು. ಕಚ್ಚಿದಳು. ಮಡಿಲಿಗೆ ಒಂದಿಷ್ಟು ಪುಡಿ.
ಅತ್ತೆ ಕೆನ್ನೆ ನೋಡುತ್ತಿದ್ದಾರೆ, ನಾನು ತುಟಿ.
ಕೆಂಪಾಯಿತೇ? ಫ್ರಾಕಿನ ಬಣ್ಣವೇ?
ಇವತ್ತೇ ಯಾಕೆ ಈ ಕೆಂಪು ಫ್ರಾಕು ಹಾಕಿದೆನೋ,
ನಾನೇ ಹೊಲಿದದ್ದು.

ಮೇಜಿನ ಮೇಲಿನ ಮುಕ್ಕಾಲು ಬಿಸ್ಕತ್ತಿಗೆ
ಅವಳು ಕೈ ಚಾಚುತ್ತಾಳೆ. "ಬೋಡು."
ಅತ್ತೆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.
ನರ್ಸು ಗಡಿಯಾರ ನೋಡಿ ಏನೋ ಬರೆದುಕೊಂಡಳು,
ಇನ್ನೂ ಇಪ್ಪತ್ತು ನಿಮಿಷ ಎಂದಳು.