ಷರಾ

ಮಂಡಿಪೇಟೆಯಲ್ಲಿ, ಹಗ್ಗ-ಗೋಣಿ ಅಂಗಡಿಯ ಮಾಳಿಗೆ ಮೇಲೆ
ನನ್ನ ಕುರ್ಚಿ, ಎರಡು ಫೋನು,
ಇನ್ನೂರ ಹದಿನೇಳು ಜನ.
ಹೆಸರು, ಊರು, ಓದು, ನಂಬರು,
ಕೊನೆಗೊಂದು ಖಾಲಿ ಕಾಲಂ: ಷರಾ.

ಸೋಮವಾರ ಸೋಮವಾರ ಅದನ್ನು ತುಂಬಬೇಕು.
ಅದಕ್ಕೇ ಕೇಳುತ್ತೇನೆ, ದನಿಗೆ ಒಂಚೂರು ಬೆಲ್ಲ ಸವರಿ,
‘ಇನ್ನೂ ಹುಡುಕ್ತಾ ಇದ್ದೀರೇನ್ರಿ?’

ಕಳೆದದ್ದೇನು ಅಂತ ಇವತ್ತಿನವರೆಗೆ
ಯಾರೂ ತಿರುಗಿ ಕೇಳಿಲ್ಲ.

ಹರಿಹರದ ಕೊಟ್ರೇಶ ಮೊದಲ ರಿಂಗಿಗೇ ಎತ್ತುತ್ತಾನೆ,
ಫೋನನ್ನು ಅಂಗೈಯಲ್ಲೇ ಇಟ್ಟುಕೊಂಡು ಕೂತವನ ಹಾಗೆ.
‘ಮೂರು ಕಡೆ ಮಾತಾಗೈತ್ರಿ ಮೇಡಂ, ಒಂದು ಫೈನಲ್ಲು.’
ಒಂದೂ ಇಲ್ಲವೆಂದು ನನಗೆ ಗೊತ್ತು,
ನನಗೆ ಗೊತ್ತೆಂದು ಅವನಿಗೂ.
ಹೆಣ್ಣು ನೋಡಲು ಬಂದವರ ಮುಂದೆ
‘ಬ್ಯಾರೆ ಕಡೆಯವರೂ ಕೇಳ್ಯಾರ’ ಅನ್ನುವುದಿಲ್ಲವೇ, ಹಾಗೆ.
ಬರೆದುಕೊಳ್ಳುತ್ತೇನೆ: ಮೂರು ಕಡೆ.

ತಸ್ಮಿಯಾಳ ಹಿಂದೆ ಮಂಡಕ್ಕಿ ಭಟ್ಟಿಯ ಸದ್ದು,
ಜರಡಿ, ಕಾದ ಮರಳು, ಯಾರದೋ ಕೆಮ್ಮು.
‘ಒಂದ್ನಿಮಿಷ ಮೇಡಂ’ ಎಂದು ಹೊರಬಂದು
ಬಿ.ಕಾಂ. ದನಿಯಲ್ಲಿ ಮಾತು ಶುರುಮಾಡುತ್ತಾಳೆ.
ಅವಳ ಬಯೋಡೇಟಾದಲ್ಲಿ ಭಟ್ಟಿ ಇಲ್ಲ.
‘ಕುಟುಂಬದ ಉದ್ಯಮದಲ್ಲಿ ಲೆಕ್ಕಪತ್ರ, ಎರಡು ವರ್ಷ’ ಅಂತಿದೆ.
ನಾನೇ ಹೇಳಿಕೊಟ್ಟದ್ದು.
ಮರಳು ಕಾದ ಮೇಲೆ
ಅಕ್ಕಿ ಅರಳದೆ ಏನು ಮಾಡೀತು.

ಹಾಲೇಶಪ್ಪನವರಿಗೆ ಐವತ್ತೆರಡು.
ಮೊದಲು ಮಿಲ್ಲು, ಆಮೇಲೆ ಎಣ್ಣೆಗಾಣ, ಆಮೇಲೆ ಎಟಿಎಂ ಕಾವಲು.
‘ಹುಡುಕೋದಂದ್ರ ಏನವ್ವ,
ಸಂಜಿ ಮುಂದ ಬೋರ್ಡು ಓದ್ಕಂತ ಅಡ್ಡಾಡಿ ಬರ್ತೀನಿ.
ಅದು ಹುಡುಕೋದ್ರಾಗ ಬರ್ತದೇನು?’
ಫಾರಂನಲ್ಲಿ ಅದಕ್ಕೆ ಜಾಗವಿಲ್ಲ.
‘ಹೌದು’ ಒತ್ತಿದೆ.

ಕೆಲವರು ಎತ್ತುವುದಿಲ್ಲ. ಕೆಲವರ ಅಮ್ಮಂದಿರು ಎತ್ತಿ
ಮಧ್ಯಾಹ್ನ ಮೂರಕ್ಕೆ ‘ಜಳಕಕ್ಕ ಹೋಗ್ಯಾನ’ ಅನ್ನುತ್ತಾರೆ.
ಒಬ್ಬ ಮಾತ್ರ ರೇಗಿದ:
‘ಸಿಕ್ಕಿದ್ರೆ ನಿಮಗ್ಯಾಕೆ ಹೇಳ್ಲಿ, ಸಿಗದಿದ್ರೆ ನಿಮಗ್ಯಾಕೆ ಹೇಳ್ಲಿ?’
ಷರಾ: ಆಸಕ್ತಿ ಇಲ್ಲ.

ಆಮೇಲೆ ಜಗಳೂರಿನ ಶಿವಲೀಲಾ.
ಎಲ್ಲೆಲ್ಲಿ ಅರ್ಜಿ ಹಾಕಿದೆ, ಎಲ್ಲಿ ಕರೆದರು,
ಎಷ್ಟು ಸಂಬಳ ಕೇಳಿದೆ, ಯಾಕೆ ಬೇಡವೆಂದರು,
ಎಲ್ಲವನ್ನೂ ತಾರೀಖಿನ ಸಮೇತ ಒಪ್ಪಿಸಿ,
ಬಸ್ಸಿನ ಹೊತ್ತು ವಿಚಾರಿಸುವಷ್ಟು ಸಲೀಸಾಗಿ ಕೇಳಿದಳು:
‘ಮತ್ತೆ ಆ ಟೈಲ್ಸ್ ಶೋರೂಮಿನ ಕೆಲಸ
ಇನ್ನೂ ಐತಲ್ರಿ ಮೇಡಂ?’

ಅದು ತುಂಬಿ ಇಪ್ಪತ್ತು ದಿನ.
ಮಾಲೀಕರ ಷಡ್ಡಕನ ಮಗ ಕೂತಿದ್ದಾನೆ.
ಆದರೂ ಪಟ್ಟಿ ಆರಬಾರದು ಎಂದು ನಮ್ಮ ಸಾಹುಕಾರರ ಅಪ್ಪಣೆ.
ದಿನಕ್ಕೆ ಮೂವತ್ತು ಜನರನ್ನು
ಒಲೆಯ ಕೆಂಡದ ಹಾಗೆ ಊದುತ್ತಿರಬೇಕು.

ಕೆಳಗೆ ಲಾರಿಯಿಂದ ಗೋಣಿ ಇಳಿಯುತ್ತಿತ್ತು.
ಹಮಾಲರು ಒಂದು ಎನ್ನದೆ
ಲಾಭ ಎಂದು ಎಣಿಕೆ ಶುರುಮಾಡಿದರು.
ಲಾಭ, ಎರಡು, ಮೂರು...

‘ವಿಚಾರಿಸಿ ಹೇಳ್ತೀನಮ್ಮ’ ಎಂದೆ.
‘ಆಯ್ತ್ರಿ, ಸೋಮವಾರ ಹೆಂಗೂ ಮಾಡ್ತೀರಲ್ಲ, ಆವಾಗ ಹೇಳ್ರಿ.’
ಅವಳು ಫೋನ್ ಇಡಲಿಲ್ಲ. ನಾನೂ.
ಜಗಳೂರಿನಲ್ಲಿ ಕುಕ್ಕರು ಎರಡು ಸಲ ಕೂಗಿತು.

ಅವಳ ಸಾಲಿನ ಕೊನೆಗೆ ಬರೆದೆ:
ಉತ್ತರ ಬಾಕಿ.
ಯಾರದ್ದೆಂದು ಬರೆಯುವಷ್ಟು
ಆ ಕಾಲಂ ಅಗಲವಿಲ್ಲ.

ಮುಂದಿನದು ಅಂಜಿನಪ್ಪ, ಮಾಯಕೊಂಡ.
ರಿಂಗಾಗುತ್ತಿದೆ.