ಇನಿಷಿಯಲ್

ಮೇ ತಿಂಗಳ ಕೊನೆ. ಜಲಂಧರದ ಲಾರಿ
ದುದ್ದದ ಗೋದಾಮಿನ ಮುಂದೆ ಹಿಂದಕ್ಕೆ ಸರಿಯುತ್ತ
ಹಾಡು ಹಾಕಿಕೊಂಡು ನಿಂತಿತು.
ಮೂಟೆ ಬಿಚ್ಚಿದರೆ ಪಂಜಾಬಿನ ಮಣ್ಣು,
ನಮ್ಮದಕ್ಕಿಂತ ಬಿಳಿಚು.
ಹನ್ನೊಂದು ಹೆಂಗಸರು ಗೋಣಿ ಹಾಸಿ ಕೂತರು.
ತುಂಡಿಗೆ ಎರಡು ಕಣ್ಣಾದರೂ ಉಳಿಯಬೇಕು,
ಕೂಲಿ ಮೂಟೆಗಿಷ್ಟೆಂದು.

ನನ್ನ ಕೆಲಸ ಅವರ ಕೈ ತಡೆಯುವುದು.
ಇಲಾಖೆಯ ಬಕೆಟ್ಟು, ಬ್ಲೀಚಿಂಗ್ ನೀರು,
ತರಬೇತಿಯಲ್ಲಿ ಬಾಯಿಪಾಠವಾದ ಮಾತು:
ಒಂದು ಗಡ್ಡೆ ಕೊಯ್ದ ಚಾಕು ಇನ್ನೊಂದಕ್ಕೆ ಇಳಿಯುವ ಮೊದಲು
ಒಮ್ಮೆ ಇದರಲ್ಲಿ ಮುಳುಗಲಿ.

"ಯಾಕ್ಸಾ, ನಮ್ ಚಾಕು ಮುಟ್ಟಾಗೈತಾ?"
ಅಂದಳು ಜವರಮ್ಮ. ಉಳಿದವರು ನಕ್ಕರು.
ರೋಗ, ಅಂದೆ. ಕಣ್ಣಿಗೆ ಕಾಣದ್ದು, ಅಂದೆ.
"ಹೆಸ್ರೇನು?"
ಎಕ್ಸು. ವೈ. ಎಸ್ಸು, ಎಮ್ಮು, ಎ.
"ಅದು ಇನಿಷಿಯಲ್ಲು. ಹೆಸ್ರು ಹೇಳಿ ಸಾ."

ನನ್ನ ಬಳಿ ಹೆಸರಿರಲಿಲ್ಲ.
ಮಕ್ಕಳ ಮೈಮೇಲೆ ಎದ್ದುದಕ್ಕೆ ಅಮ್ಮ ಎಂದೆವು,
ಬೇವು ಕಟ್ಟಿದೆವು, ತಂಬಿಟ್ಟು ಎಡೆಯಿಟ್ಟೆವು,
ಹೋಗಿ ಬಾ ತಾಯಿ ಎಂದು ಊರ ಗಡಿ ದಾಟಿಸಿದೆವು.
ಆಲೂಗಡ್ಡೆಯ ಮೈಮೇಲೆ ಬಂದವರಿಗೆ
ಯಾರೂ ಗುಡಿ ಕಟ್ಟಲಿಲ್ಲ.
ಅರ್ಧಕ್ಕೇ ಬಿಟ್ಟ ಅರ್ಜಿಯ ಹಾಗೆ
ಬರೀ ಅಕ್ಷರವಾಗಿ ಉಳಿದರು.

ಅಕ್ಷರವೂ ಪೂರ್ತಿಯಲ್ಲ.
ಸ್ವರ ಸೇರದ ವ್ಯಂಜನವನ್ನು ಹೇಳಿ ನೋಡಿ
ಎನ್ನುತ್ತಿದ್ದರು ನಮ್ಮ ಮೇಷ್ಟ್ರು.
ಕ್... ಗಂಟಲಲ್ಲೇ ನಿಲ್ಲುತ್ತಿತ್ತು.
ಹಾಗೇ ಚಾಕುವಿನ ಅಂಚಿನಲ್ಲಿ ಅದು,
ಬದುಕಿಲ್ಲ, ಸತ್ತೂ ಇಲ್ಲ,
ತಲೆಕಟ್ಟಿಗೆ ಕಾಯುತ್ತ.
ಹಸಿ ಗಡ್ಡೆಯೊಳಗೆ ಇಳಿದದ್ದೇ
ಗಿಡದ ಉಸಿರನ್ನೇ ತನ್ನ ಸ್ವರ ಮಾಡಿಕೊಂಡು
ಕ ಕ ಕ ಕ ಎನ್ನುತ್ತದೆ.
ಬೇರೇನೂ ಹೇಳಲು ಬಾರದು ಅದಕ್ಕೆ.

ಎಕ್ಸ್ ಒಂದೇ ಬಂದರೆ ಎಲೆ ತುಸು ಮಂಕು.
ಅದೇ ಗಿಡಕ್ಕೆ ಹೇನಿನ ಮೂತಿಗಂಟಿ ವೈ ಕೂಡ ಬಂದರೆ
ಅದು ಒತ್ತಕ್ಷರ.
ಆ ಭಾರಕ್ಕೆ ಮುರುಟಿಕೊಳ್ಳುತ್ತದೆ ಗಿಡ.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. ಹೇಳಿದ್ದು ಇಷ್ಟು:
ಅದು ಚಾಕುವಿನಲ್ಲಿ ದಾಟುತ್ತದೆ.

ಜವರಮ್ಮನ ಕೈ ನಿಂತಿತು.
ಅತ್ತೆ ಕೊಟ್ಟ ಚಾಕು, ಸಾಣೆ ಹಿಡಿದೂ ಹಿಡಿದೂ
ಹುಣಸೆಕಾಯಿಯ ಹಾಗೆ ಬಾಗಿ ಸವೆದದ್ದು.
ಇಪ್ಪತ್ತಾರು ಮುಂಗಾರು.
"ಹಂಗಾರೆ ಊರೂರ್ಗೆಲ್ಲ ಹಂಚಿದ್ದು ನಾನೇಯಾ?"

ಇಲ್ಲ ಅನ್ನಬೇಕಿತ್ತು. ಹೇನಿದೆ, ಬೀಜ ಕಳಿಸಿದವರಿದ್ದಾರೆ,
ಹದಿನೈದು ವರ್ಷ ಈ ಬಕೆಟ್ಟು ಹಿಡಿದು ಬಾರದ ನಾನಿದ್ದೇನೆ.
ಬಕೆಟ್ಟನ್ನು ಕೈ ಬದಲಿಸಿದೆ, ಅಷ್ಟೆ.

ಅವಳೇ ಎದ್ದು ಸೊಸೆಯ ಚಾಕು ಇಸಕೊಂಡು ಬಂದಳು.
ಒಂದು ನೀರಲ್ಲಿ ನೆನೆಯುವಾಗ ಇನ್ನೊಂದು ಕೊಯ್ಯುವುದು,
ಅದು ನೆನೆಯುವಾಗ ಇದು.
ನನಗೆ ಹೊಳೆದಿರಲಿಲ್ಲ.
ಸಂಜೆಗೆ ಒಂದು ಮೂಟೆ ಕಡಿಮೆ ಬಿತ್ತು,
ಸಾಹುಕಾರ ಕೂಲಿಯಲ್ಲಿ ಮುರಿದುಕೊಂಡ.
ನಾನು ರಿಜಿಸ್ಟರಿನಲ್ಲಿ
‘ಪ್ರಾತ್ಯಕ್ಷಿಕೆ ಯಶಸ್ವಿ’ ಎಂದು ಬರೆದೆ.

ಜುಲೈಯಲ್ಲಿ ಅದೇ ಬೀಜದ ಹೊಲ.
ಹಳದಿ ಹಸಿರು ಚಿತ್ತಾರ ಎದ್ದ ಗಿಡ ಹುಡುಕಿ ಕೀಳುತ್ತಿದ್ದೆವು.
ನಾನಾದರೆ ಬಗ್ಗಿ ನೋಡಬೇಕು. ಅವಳು
ಬಿಸಿಲಿಗೆ ಬೆನ್ನು ಮಾಡಿ ನಿಂತಲ್ಲಿಂದಲೇ
"ಅಗೋ ಅದು" ಎನ್ನುವಳು. ತಪ್ಪುತ್ತಿರಲಿಲ್ಲ.
"ಸಾ, ಅದ್ಕೆ ಹಸಿವಾಯ್ತದಾ?"
ಇಲ್ಲ.
"ಮತ್ತೇನ್ ಬೇಕಂತೆ?"
ತನ್ನನ್ನೇ ಮತ್ತೆ ಮತ್ತೆ ಬರೀಬೇಕಂತೆ.

ಕಿತ್ತ ಗಿಡವನ್ನು ಚೀಲಕ್ಕೆ ತುರುಕಿದಳು.
"ನನ್ ಮೊಮ್ಮಗ್ನೂ ಅಷ್ಟೆಯ. ಗೋಡೆ ತುಂಬ ಇನಿಷಿಯಲ್ಲು."
ಆಮೇಲೆ ಬಕೆಟ್ಟಿಗೆ ಕೈ ಅದ್ದಿ, ಒದರಿ,
ಅದನ್ನು ನನ್ನ ಕಡೆ ಕಾಲಿಂದ ತಳ್ಳಿದಳು.
"ನೀವೂ ತೊಳ್ಕಳಿ ಸಾ. ನೀವೂ ಮುಟ್ಟಿದ್ರಿ."