ಅಳೆದೂ ಸುರಿದೂ

ಟಿಬಿಲಿಸಿಯ ಒಣಸೇತುವೆಯ ಮೇಲೆ ಮಾರ್ಚಿನ ಬಿಸಿಲು.
ಪದಕ, ಸಮೋವರ್, ಯಾರದೋ ಅಜ್ಜಿಯ ಚಮಚಗಳ ಪಕ್ಕ
ಜುಂಬೇರನ ಕಂಬಳಿ,
ಅದರ ಮೇಲೆ ಮೀಟರುಗಳು ಮುಖ ಮೇಲೆ ಮಾಡಿ,
ಮುಳ್ಳುಗಳೆಲ್ಲ ಎಡಕ್ಕೆ ಒರಗಿ ನಿದ್ದೆ.

ನನ್ನ ಕಿಸೆಯಲ್ಲಿ ನಾನೂರು ಲರಿ ನೋಟು,
ಮೂರು ಸಲ ಮಡಿಸಿದ ಸರ್ಕಾರಿ ಕಾಗದ:
'ನಿಮ್ಮ ಕೇಂದ್ರದ ತರಂಗ ನೆರೆಯವರ ಅಂಗಳಕ್ಕೆ ಚೆಲ್ಲುತ್ತಿದೆ,
ಹದಿನೈದು ದಿನದೊಳಗೆ ಸರಿಪಡಿಸತಕ್ಕದ್ದು.'
ಲೆಂಟೆಖಿಯ ನಮ್ಮ ಕೇಂದ್ರ ಎಂದರೆ
ಶಾಲೆಯ ಅಟ್ಟ, ನೂರು ವ್ಯಾಟಿನ ಪೆಟ್ಟಿಗೆ,
ಹಿಮ ಬಿದ್ದ ದಿನ ಯಾವ ದಾರಿ ಮುಚ್ಚಿತೆಂದು ಹೇಳುವ
ಎಲ್ಗುಜಾನ ಗಂಟಲು.

'ಪವರ್ ಮೀಟರ್ ಬೇಕಿತ್ತು' ಅಂದೆ.
'ಯಾಕೆ?' ತಲೆ ಎತ್ತಲಿಲ್ಲ, ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ.
'ಎಷ್ಟು ಹೋಗುತ್ತಿದೆ ಅಂತ ತಿಳಿಯೋಕೆ.'
'ಎಷ್ಟು ಅನ್ನೋದು ಸುಲಭ. ಹೇಗೆ ಅನ್ನೋದು?'

ಹೆಬ್ಬೆರಳಿನಷ್ಟು ಒಂದು ತುಂಡು ಅಂಗೈಗಿಟ್ಟ.
ಇದು ಕಾವಿನಿಂದ ಅಳೆಯುತ್ತೆ. ನಿಧಾನ. ಸುಳ್ಳಾಡಲ್ಲ.
ಮಿತಿ ಮೀರಿ ಸುರಿದೆಯೋ, ಹೊಗೆ ಕೂಡ ಬಿಡದೆ ಒಳಗೇ ಸುಟ್ಟುಹೋಗುತ್ತೆ,
ನನ್ನ ತಮ್ಮನ ಹಾಗೆ.
ಇದೋ, ಡಯೋಡು. ಚುರುಕು.
ಒಂಟಿ ದನಿಯಾದರೆ ನಂಬು,
ನಾಲ್ಕು ಕೂಡಿದಾಗ ಸೇರಿಗೆ ಸವ್ವಾಸೇರು ಅನ್ನುತ್ತೆ.

'ಎರಡೂ ಒಂದೇ, ನಿನ್ನವನು ಪಿಸುಗುಟ್ಟಿದನೋ ಕೂಗಿದನೋ ಹೇಳಲ್ಲ.
ಎಫ್‌ಎಮ್ಮಿನಲ್ಲಿ ಅತ್ತರೂ ನಕ್ಕರೂ ಬಲ ಅಷ್ಟೇ.
ಹಿಗ್ಗುವುದು ಅಗಲ. ಚೆಲ್ಲುವುದು ಅಲ್ಲಿ.'

ಮೂರು ವರ್ಷ ಪ್ರತಿ ಬೆಳಿಗ್ಗೆ ಮುಳ್ಳಿನ ಗಾಜು ತಟ್ಟಿ,
ನೂರಕ್ಕೆ ನಿಂತದ್ದು ನೋಡಿ,
ಚಹಾಕ್ಕೆ ಹೋಗಿದ್ದವಳು ನಾನು.

ಮಾಡ್ಯುಲೇಷನ್ ಮೀಟರ್ ಒಂದಿತ್ತು, ಆರುನೂರು,
ಈಗ ಇಲ್ಲದ ದೇಶದ ಈಗ ಇಲ್ಲದ ಪ್ರಯೋಗಾಲಯದ ಮೊಹರು.
ಅಂಗೈಯಗಲದ ಹೊಸದೊಂದು, ಬಣ್ಣದ ಪರದೆ:
'ಪಕ್ಕದಲ್ಲಿ ದೊಡ್ಡವರು ನಿಂತರೆ ಇದಕ್ಕೆ ದೆವ್ವ ಕಾಣುತ್ತೆ.'
ಎತ್ತುವುದು, ಇಡುವುದು, ಮತ್ತೆ ಅದನ್ನೇ ಎತ್ತುವುದು.
ನೆರಳು ಕಂಬಳಿ ದಾಟಿತು.

ಕೊನೆಗೆ ಕಾರಿನ ಡಿಕ್ಕಿಯಿಂದ, ಕರುವನ್ನು ಹೊತ್ತಂತೆ,
ಮೂಲೆ ಒಡೆದ ಸ್ಪೆಕ್ಟ್ರಮ್ ಅನಲೈಸರ್.
ಬ್ಯಾಟರಿಗೆ ತಂತಿ ಸಿಕ್ಕಿಸಿದ. ಕಾದೆವು.
ಹಸಿರು ಕತ್ತಲಲ್ಲಿ ನೆಟ್ಟಗೆ ಒಂದು ಗೆರೆ.
ಸ್ವರ ಏರಿಸಿದ. ಅಕ್ಕಪಕ್ಕ ಗೆರೆಗಳು ಚಿಗುರಿದವು,
ನಡುವಿನದು ಕುಗ್ಗಿತು, ಕುಗ್ಗಿ,
ಇಲ್ಲ.

'ಸತ್ತಿತೇ?'
'ಎಲ್ಲಿ ಸಾಯುತ್ತೆ? ಆಚೀಚೆ ಹಂಚಿಹೋಯಿತು,
ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.
ಇಲ್ಲಿ ನಿಲ್ಲಬೇಡ. ಮತ್ತೆ ಬರುತ್ತೆ, ಮತ್ತೆ ಹೋಗುತ್ತೆ.
ಹದಿಮೂರು ಸಾವಿರದ ಆರುನೂರರ ಸ್ವರ ಹಾಕು,
ಎರಡನೆಯ ಸಲ ಇಲ್ಲವಾದಾಗ ಕೈ ತೆಗೆ.
ಅದೇ ನಿನ್ನ ಎಪ್ಪತ್ತೈದು ಕಿಲೋಹರ್ಟ್ಸ್.
ಯಾರ ಮೊಹರೂ ಬೇಡ.'

ಮುನ್ನೂರೈವತ್ತಕ್ಕೆ ಇಳಿದ. ಹಳೇ ಪತ್ರಿಕೆಯಲ್ಲಿ ಸುತ್ತಿ
ಒಂದು ಅಟೆನ್ಯುಯೇಟರ್ ಸುಮ್ಮನೆ ಕೊಟ್ಟ:
'ಮೊದಲು ಇದು, ಆಮೇಲೆ ಅದು.
ಮರೆತು ಸುಟ್ಟರೆ ನನ್ನ ಹತ್ತಿರ ಬಂದು ಅಳಬೇಡ.'
ವ್ಯಾನಿನವನು ಪೆಟ್ಟಿಗೆಗೂ ಟಿಕೆಟ್ ಹರಿದ.

ರಾತ್ರಿ ಹನ್ನೊಂದು. ಅಟ್ಟದಲ್ಲಿ ನಾನು, ಎಲ್ಗುಜಾ,
ನಿದ್ದೆ ಬಾರದ ಅವನ ಮೊಮ್ಮಗಳು ನಾಟೆಲಾ.
ಸ್ವರ ಹಚ್ಚಿದೆ. ಅವನಿಗೆ ಏನೂ ಕೇಳಲಿಲ್ಲ,
ಅವಳು ಎರಡೂ ಕಿವಿ ಮುಚ್ಚಿಕೊಂಡಳು.
ಗೆರೆ ಹೋಯಿತು. ಬಂತು. ಹೋಯಿತು.
ಗುಂಡಿಯ ಮೇಲೆ ಉಗುರುಬಣ್ಣದ ಚುಕ್ಕಿ ಇಟ್ಟೆ,
ನಾವು ಇಷ್ಟು ದಿನ ನಿಂತಿದ್ದ ಜಾಗದಿಂದ
ನಾಚಿಕೆಯಾಗುವಷ್ಟು ಕೆಳಗೆ.

ಆಮೇಲೆ ಪೆಟ್ಟಿಗೆ ಆರಿಸಿದೆ, ಯಾಕೋ.
ಪರದೆಯ ತಳದಲ್ಲಿ ಹುಲ್ಲಿನಂಥ ಗದ್ದಲ,
ಅದರಲ್ಲಿ, ಮೈನಸ್ ತೊಂಬತ್ತರ ಹತ್ತಿರ,
ನಮ್ಮದಲ್ಲದ ಒಂದು ಎಸಳು ಎದ್ದು ನಿಂತಿತ್ತು.
ಎಲ್ಗುಜಾ ಕಿಸೆಯ ರೇಡಿಯೋ ತಿರುಗಿಸಿದ.
ಬೆಟ್ಟದಾಚೆಯ ಯಾರೋ, ಕೆಮ್ಮಿನ ನಡುವೆ,
ಮುಚ್ಚಿದ ದಾರಿಗಳ ಹೆಸರು ಓದುತ್ತಿದ್ದರು.
ನಮ್ಮದೇ ದಾರಿ,
ಆ ತುದಿಯಿಂದ.